ಮುಖಕ್ಕೆ ಹಚ್ಚುವ ಡಬ್ಬಿಯಲ್ಲಿ ಏನಿದೆ? ಹಾಲು ಕರೆಯುವ ಕೈಗೆ ಏನು ಬೇಕು?

ಸಂಘಕ್ಕೆ ಹಾಲು ಹಾಕುವಾಗ ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ ಎಷ್ಟು ಬಂತು ಎಂದು ಕೇಳದೆ ನಾವ್ಯಾರೂ ಮನೆಗೆ ಹೋಗುವುದಿಲ್ಲ. ಸ್ವಲ್ಪ ಕಡಿಮೆ ಬಂದರೂ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುತ್ತೇವೆ. ಪಶು ಆಹಾರದ ಚೀಲ ಬಂದರೆ ಮುಗ್ಗಲು ವಾಸನೆ ಇದೆಯೋ ಎಂದು ಮೂಸಿ ನೋಡುತ್ತೇವೆ. ಆದರೆ ಬಟವಾಡೆ ಆದ ವಾರ ಸಂತೆಯಲ್ಲೋ ಫ್ಯಾನ್ಸಿ ಸ್ಟೋರಿನಲ್ಲೋ ತರುವ ಕ್ರೀಮಿನ ಡಬ್ಬಿಯನ್ನು ತಿರುಗಿಸಿ, ಇದರಲ್ಲಿ ಏನು ಹಾಕಿದ್ದಾರೆ ಎಂದು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಹಸುವಿನ ಹೊಟ್ಟೆಗೆ ಹೋಗುವುದನ್ನು ನೋಡುವಷ್ಟು ಎಚ್ಚರದಿಂದ ನಮ್ಮ ಮೈಗೆ ಹಚ್ಚುವುದನ್ನು ನಾವು ನೋಡುವುದಿಲ್ಲ.

ಚರ್ಮ ಎಂದರೆ ಬಣ್ಣ ಎಂದೇ ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಹೆಣ್ಣು ನೋಡಲು ಬಂದವರಿಂದ ಹಿಡಿದು ಟೀವಿ ಜಾಹೀರಾತಿನವರೆಗೆ ಎಲ್ಲರ ಲೆಕ್ಕವೂ ಒಂದೇ. ನಿಜವಾಗಿ ಚರ್ಮ ಒಂದು ಬೇಲಿ. ಹೊರಗಿನ ಕ್ರಿಮಿ, ವಿಷ, ಬಿಸಿಲು ಒಳಗೆ ಬಾರದಂತೆ, ಒಳಗಿನ ನೀರು ಹೊರಗೆ ಆರಿಹೋಗದಂತೆ ತಡೆಯುವುದು ಅದರ ಕೆಲಸ. ಆದ್ದರಿಂದ ಏನನ್ನೇ ಹಚ್ಚುವ ಮೊದಲು ಕೇಳಬೇಕಾದದ್ದು ಬಿಳುಪಾಗುತ್ತದೆಯೇ ಎಂದಲ್ಲ, ಈ ಬೇಲಿ ಗಟ್ಟಿಯಾಗುತ್ತದೆಯೋ ಮುರಿಯುತ್ತದೆಯೋ ಎಂದು.

ಕೇರಳದಲ್ಲಿ ನಡೆದದ್ದು

ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ ಊರಿನ ಆಸ್ಪತ್ರೆಯೊಂದಕ್ಕೆ ಕೆಲವರು ಒಂದೇ ಬಗೆಯ ತೊಂದರೆ ಹೇಳಿಕೊಂಡು ಬಂದರು. ಕಾಲು ಊತ, ಸುಸ್ತು, ಮೂತ್ರದಲ್ಲಿ ನೊರೆ. ಪರೀಕ್ಷೆ ಮಾಡಿದರೆ ಮೂತ್ರಪಿಂಡದ ಸೋಸುವ ಪದರವೇ ಹಾಳಾಗಿ ಪ್ರೋಟೀನ್ ಸೋರಿಹೋಗುತ್ತಿತ್ತು. 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಅಲ್ಲಿ ಇಂಥ 22 ರೋಗಿಗಳು ಸಿಕ್ಕರು. ಅವರಲ್ಲಿ 15 ಮಂದಿಯಲ್ಲಿ ಅಪರೂಪದ ಒಂದೇ ಗುರುತು ಕಂಡಿತು. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದವರು. ಕ್ರೀಮಿನಲ್ಲಿ ಇದ್ದದ್ದು ಪಾದರಸ. ಸಮಾಧಾನದ ಸಂಗತಿಯೆಂದರೆ, ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಪಾದರಸ ಕ್ರೀಮಿಗೆ ಯಾಕೆ ಬರುತ್ತದೆ? ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಅದು ತಯಾರಾಗುವುದನ್ನು ಪಾದರಸ ತಡೆಯುತ್ತದೆ. ಹಾಗಾಗಿ ಕೆಲವೇ ದಿನದಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ಆದರೆ ಅದು ಮುಖದಲ್ಲೇ ನಿಲ್ಲುವುದಿಲ್ಲ. ಚರ್ಮದ ಮೂಲಕ ರಕ್ತಕ್ಕೆ, ರಕ್ತದಿಂದ ಮೂತ್ರಪಿಂಡಕ್ಕೆ ಹೋಗುತ್ತದೆ. ನರಗಳಿಗೂ ಕೆಟ್ಟದ್ದು. ಬಸುರಿಯ ಹೊಟ್ಟೆಯಲ್ಲಿರುವ ಮಗುವಿಗೂ ತಲುಪುತ್ತದೆ. ಹಚ್ಚಿಕೊಂಡ ಕೈಯಿಂದ, ದಿಂಬಿನ ಬಟ್ಟೆಯಿಂದ ಪಕ್ಕದಲ್ಲಿ ಮಲಗುವ ಮಗುವಿಗೂ ಅಂಟುತ್ತದೆ.

ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಪಾದರಸವನ್ನು ಬೇಕೆಂದು ಸೇರಿಸುವಂತಿಲ್ಲ. ತಾನಾಗಿ ಬೆರೆತು ಬಂದರೂ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಹೆಚ್ಚಿರಬಾರದು. ಪಾದರಸದ ಬಳಕೆಯನ್ನು ಕಡಿಮೆ ಮಾಡಲು ಬೇರೆ ಬೇರೆ ದೇಶಗಳು ಸೇರಿ ಮಾಡಿಕೊಂಡ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲೇ ಒಪ್ಪಿದೆ. ಆದರೂ ಎಲ್ಲಿಂದಲೋ ಬಂದ, ಯಾರು ಮಾಡಿದರೆಂದು ತಿಳಿಯದ ಡಬ್ಬಿಗಳು ಸಂತೆಗೂ ಮೊಬೈಲ್ ಆರ್ಡರ್‌ಗೂ ಬರುತ್ತವೆ. ಇಂಥ ಕಳ್ಳ ಮಾಲಿನಲ್ಲಿ ಹತ್ತು ಲಕ್ಷಕ್ಕೆ ಸಾವಿರಾರು ಭಾಗ ಪಾದರಸ ಸಿಕ್ಕ ಉದಾಹರಣೆಗಳು ಅನೇಕ ದೇಶಗಳಲ್ಲಿವೆ.

ಕಂಡುಹಿಡಿಯುವುದು ಹೇಗೆ? ಕಣ್ಣಿಗೆ ಕಾಣುವುದಿಲ್ಲ, ವಾಸನೆಗೂ ತಿಳಿಯುವುದಿಲ್ಲ. ಚೀಟಿಯಲ್ಲಿ ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಎಂಬ ಹೆಸರಿದ್ದರೆ ಅದು ಪಾದರಸವೇ. ಇನ್ನೊಂದು ಸುಳಿವು ನಮ್ಮಂಥವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. "ಚಿನ್ನ, ಬೆಳ್ಳಿ ಒಡವೆಗೆ ತಾಗಿಸಬೇಡಿ" ಎಂದು ಡಬ್ಬಿಯ ಮೇಲೆ ಬರೆದಿದ್ದರೆ, ಇಲ್ಲವೇ ಮಾರುವವಳು ಬಾಯಲ್ಲಿ ಹೇಳಿದರೆ, ಅನುಮಾನ ಪಡಿ. ಪಾದರಸ ಚಿನ್ನವನ್ನು ಹಿಡಿದುಕೊಂಡು ಬೆಳ್ಳಗೆ ಮಾಡುತ್ತದೆ. ತಾಳಿಗೆ ತಾಗಬಾರದ ವಸ್ತು ಕೆನ್ನೆಗೆ ಮಾತ್ರ ಯಾಕೆ ತಾಗಬೇಕು?

ಮೆಡಿಕಲ್ ಶಾಪಿನ ಟ್ಯೂಬು

ಪಾದರಸಕ್ಕಿಂತ ನಮ್ಮ ಹಳ್ಳಿಗಳಲ್ಲಿ ಹೆಚ್ಚು ಓಡಾಡುವುದು ಸ್ಟೀರಾಯ್ಡ್ ಟ್ಯೂಬು. ಇದು ಕಳ್ಳ ಮಾಲಲ್ಲ, ಔಷಧಿ. ಸರಿಯಾದ ಕಾಯಿಲೆಗೆ, ಸರಿಯಾದ ಜಾಗಕ್ಕೆ, ಸರಿಯಾದಷ್ಟು ದಿನ ವೈದ್ಯರು ಹೇಳಿದರೆ ಒಳ್ಳೆಯ ಔಷಧಿಯೇ. ತಪ್ಪಾಗುವುದು ಎಲ್ಲಿ ಎಂದರೆ, ಪಕ್ಕದ ಮನೆಯವರು "ನನಗೆ ಗುಣವಾಯಿತು, ನೀನೂ ಹಚ್ಚು" ಎಂದಾಗ. ಮದುವೆಗೆ ಹದಿನೈದು ದಿನ ಇರುವಾಗ ಮಗಳಿಗೆ ತಂದುಕೊಟ್ಟಾಗ. ಅದನ್ನೇ ಮಾಮೂಲಿ ಕ್ರೀಮಿನಂತೆ ವರ್ಷಗಟ್ಟಲೆ ಹಚ್ಚಿದಾಗ.

ಮೊದಲ ವಾರ ಮುಖ ನುಣುಪಾಗುತ್ತದೆ, ತಿಳಿಯಾಗುತ್ತದೆ. ಅಲ್ಲಿಗೆ ನಂಬಿಕೆ ಬಂತು. ಕೆಲವು ತಿಂಗಳಲ್ಲಿ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣಲು ಶುರು. ಮೊಡವೆ, ಗಲ್ಲದ ಮೇಲೆ ಕೂದಲು. ಒಲೆಯ ಮುಂದೆ ಕೂತರೆ ಉರಿ, ಬಿಸಿಲಿಗೆ ಹೋದರೆ ಉರಿ. ಹಚ್ಚುವುದನ್ನು ನಿಲ್ಲಿಸಿದರೆ ಎರಡೇ ದಿನಕ್ಕೆ ಮುಖ ಕೆಂಡದಂತಾಗಿ, ಮತ್ತೆ ಅದೇ ಟ್ಯೂಬಿಗೆ ಕೈ ಹೋಗುತ್ತದೆ. ಹೆಂಡದ ಚಟದ ಹಾಗೆಯೇ ಇದು. ಚರ್ಮರೋಗ ತಜ್ಞರು ಇದನ್ನು ಒಂದು ಪ್ರತ್ಯೇಕ ಕಾಯಿಲೆಯೆಂದೇ ಗುರುತಿಸಿದ್ದಾರೆ. ಅವರ ಒತ್ತಾಯದಿಂದಲೇ 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

ಟ್ಯೂಬಿನ ಮೇಲೆ ನಿಲುವಾಗಿ ಒಂದು ಕೆಂಪು ಗೆರೆ ಇದ್ದರೆ ಅದು ಚೀಟಿಯ ಔಷಧಿ ಎಂದು ಅರ್ಥ. ಬೀಟಾಮೆಥಸೋನ್, ಕ್ಲೋಬೆಟಸೋಲ್, ಮೊಮೆಟಸೋನ್, ಫ್ಲುಯೊಸಿನೊಲೋನ್ ಇವು ಸ್ಟೀರಾಯ್ಡ್ ಹೆಸರುಗಳು. ಇವುಗಳ ಜೊತೆ ಹೈಡ್ರೊಕ್ವಿನೋನ್, ಟ್ರೆಟಿನೊಯಿನ್ ಸೇರಿದ ಟ್ಯೂಬೂ ಬರುತ್ತದೆ. ಅದನ್ನು ಬಸುರಿಯರು ಮುಟ್ಟಲೇಬಾರದು. ಇಂಗ್ಲಿಷ್ ಓದಲು ಬಾರದಿದ್ದರೆ ನಾಚಿಕೆ ಬೇಡ, ಸಂಘದ ಕಾರ್ಯದರ್ಶಿಗೋ ಶಾಲೆಗೆ ಹೋಗುವ ಮಗಳಿಗೋ ಕೊಟ್ಟು ಓದಿಸಿ.

ದನ ಕಟ್ಟುವ ಮನೆಗೆ ಸೇರಿದ ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಕರುಗಳ ಕಣ್ಣಿನ ಸುತ್ತ, ಕತ್ತಿನ ಮೇಲೆ ಬೂದು ಬಣ್ಣದ ಗುಂಡನೆಯ ಹಕ್ಕಳೆ ಏಳುವುದನ್ನು ನೋಡಿರುತ್ತೀರಿ. ಅದು ಹುಳುಕಡ್ಡಿ. ಕರುವಿನಿಂದ ನಮಗೂ ಮಕ್ಕಳಿಗೂ ಅಂಟುತ್ತದೆ. ಅದಕ್ಕೆ ಅಂಗಡಿಯಲ್ಲಿ ಕೇಳಿದರೆ ಎಷ್ಟೋ ಸಲ ಶಿಲೀಂಧ್ರ ನಾಶಕದ ಜೊತೆ ಸ್ಟೀರಾಯ್ಡ್ ಬೆರೆಸಿದ ಟ್ಯೂಬು ಕೊಡುತ್ತಾರೆ. ಎರಡು ದಿನದಲ್ಲಿ ನವೆ ನಿಲ್ಲುತ್ತದೆ, ಆದರೆ ಹುಳುಕಡ್ಡಿ ಒಳಗೊಳಗೇ ಹರಡಿ, ರೂಪ ಬದಲಿಸಿಕೊಂಡು ವೈದ್ಯರಿಗೂ ಗುರುತು ಸಿಗದಂತೆ ಆಗುತ್ತದೆ. ಕರುವಿಗೆ ಪಶುವೈದ್ಯರಿಂದ, ನಿಮಗೆ ಆಸ್ಪತ್ರೆಯಿಂದ ಔಷಧಿ ಒಟ್ಟಿಗೇ ಆಗಬೇಕು. ದನಕ್ಕೆ ತಂದ ಮುಲಾಮನ್ನು ನಿಮಗೆ ಹಚ್ಚಿಕೊಳ್ಳಬೇಡಿ.

ಬಂಗು ಬಂದವರಿಗೆ

ಈ ಕ್ರೀಮುಗಳಿಗೆ ನಮ್ಮ ಹೆಂಗಸರು ಸಿಕ್ಕಿಬೀಳುವುದು ಹೆಚ್ಚಾಗಿ ಬಂಗಿನ ಕಾರಣಕ್ಕೆ. ಕೆನ್ನೆ, ಮೂಗು, ಹಣೆಯ ಮೇಲೆ ಕಂದು ಮಚ್ಚೆ ಬಂದರೆ ಮನಸ್ಸಿಗೆ ಬೇಜಾರಾಗುವುದು ಸಹಜ. ಬಂಗಿಗೆ ಬಿಸಿಲು ಮುಖ್ಯ ಕಾರಣ. ಬಸಿರು, ಗರ್ಭನಿರೋಧಕ ಮಾತ್ರೆ ಕೂಡ ಕಾರಣ. ಕೆಲವು ಮನೆತನಗಳಲ್ಲಿ ತಾಯಿಗಿದ್ದರೆ ಮಗಳಿಗೂ ಬರುತ್ತದೆ. ಹೆರಿಗೆಯಾದ ಮೇಲೆ ಎಷ್ಟೋ ಜನರಿಗೆ ತಾನಾಗಿ ತಿಳಿಯಾಗುತ್ತದೆ. ಬಿಸಿಲು ತಡೆಯದೆ ಏನು ಹಚ್ಚಿದರೂ ಬಂಗು ಹೋಗುವುದಿಲ್ಲ, ಹೋದರೂ ತಿರುಗಿ ಬರುತ್ತದೆ. ಮೇವು ಕೊಯ್ಯಲು ಹೋಗುವಾಗ ತಲೆಯ ಮೇಲೆ ಅಂಚು ಅಗಲವಾದ ಟೋಪಿ ಅಥವಾ ಮುಖಕ್ಕೆ ನೆರಳು ಬೀಳುವಂತೆ ಟವೆಲ್, ಆದಷ್ಟು ಬೆಳಿಗ್ಗೆ ಹತ್ತರೊಳಗೆ ಆ ಕೆಲಸ. ಇದಕ್ಕೆ ಕಾಸು ಖರ್ಚಿಲ್ಲ. ಕೊಳ್ಳಲು ಆಗುವವರು ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್ ಹಚ್ಚಬಹುದು. ನನ್ನನ್ನು ಕೇಳಿದರೆ ಬಿಳುಪಿನ ಕ್ರೀಮಿಗೆ ಹಾಕುವ ದುಡ್ಡನ್ನು ಇದಕ್ಕೆ ಹಾಕುವುದು ಮೇಲು.

ಕೈ ಒಡೆದರೆ ಹಸುವಿಗೂ ತೊಂದರೆ

ಮುಖದ ಮಾತು ಸಾಕು, ಕೈಗೆ ಬರೋಣ. ದಿನಕ್ಕೆ ಎರಡು ಸಲ ಹಾಲು ಕರೆದು, ಸಗಣಿ ಬಾಚಿ, ಗಂಜಲ ತೊಳೆದು, ಕ್ಯಾನು ಉಜ್ಜಿ, ನಮ್ಮ ಕೈ ಎಷ್ಟು ಸಲ ಒದ್ದೆಯಾಗಿ ಒಣಗುತ್ತದೆ ಲೆಕ್ಕ ಹಾಕಿ. ಅದರ ಮೇಲೆ ಬಟ್ಟೆ ಸೋಪು, ವಾಷಿಂಗ್ ಸೋಡಾ. ಚರ್ಮ ಸ್ವಲ್ಪ ಹುಳಿ ಗುಣದ್ದು, ಸೋಪು ಸೋಡಾಗಳು ಕ್ಷಾರ ಗುಣದವು. ಕ್ಷಾರ ಚರ್ಮದ ಎಣ್ಣೆಯನ್ನು ತೊಳೆದುಬಿಡುತ್ತದೆ. ಆಮೇಲೆ ಬೆರಳ ಗಂಟಿನಲ್ಲಿ, ಹೆಬ್ಬೆರಳ ಪಕ್ಕ ಬಿರುಕು.

ಆ ಬಿರುಕಿನಲ್ಲಿ ಕೆಚ್ಚಲು ಬಾವು ತರುವ ಸ್ಟೆಫಿಲೊಕಾಕಸ್ ಎಂಬ ಕ್ರಿಮಿ ಮನೆ ಮಾಡುತ್ತದೆ. ಕೈ ತೊಳೆದರೂ ಬಿರುಕಿನೊಳಗಿಂದ ಹೋಗುವುದಿಲ್ಲ. ಒಂದು ಹಸುವಿನಿಂದ ಇನ್ನೊಂದಕ್ಕೆ ನಾವೇ ದಾಟಿಸುತ್ತೇವೆ. ಹಾಗೆಯೇ ಹಸುವಿನಿಂದ ನಮಗೆ ಬರುವುದೂ ಇದೆ. ಕಂದು ಹಾಕಿದ ಹಸುವಿನ ಮಾಸನ್ನು, ಸತ್ತ ಕರುವನ್ನು ಬರಿಗೈಯಲ್ಲಿ ಎತ್ತಿದರೆ ಬ್ರುಸೆಲ್ಲೋಸಿಸ್ ಕ್ರಿಮಿ ಒಡೆದ ಚರ್ಮದ ಮೂಲಕ ಒಳಗೆ ಸೇರಬಹುದು. ಬಿಟ್ಟು ಬಿಟ್ಟು ಜ್ವರ, ಕೀಲು ನೋವು, ರಾತ್ರಿ ಬೆವರು ಬಂದು ತಿಂಗಳುಗಟ್ಟಲೆ ನರಳುವವರಿದ್ದಾರೆ. ಅಂಥ ಜ್ವರ ಬಂದರೆ "ನಮ್ಮ ಮನೆಯಲ್ಲಿ ಹಸು ಕಂದು ಹಾಕಿತ್ತು" ಎಂದು ವೈದ್ಯರಿಗೆ ಮೊದಲೇ ಹೇಳಿ. ಆ ಕೆಲಸಕ್ಕೆ ರಬ್ಬರ್ ಗ್ಲೌಸ್ ಬೇಕೇ ಬೇಕು. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಈ ರೋಗದ ಲಸಿಕೆ ಹಾಕಿಸುವುದನ್ನು ಮರೆಯಬೇಡಿ.

ಕೆಚ್ಚಲು ತೊಳೆಯಲು ಪೊಟ್ಯಾಷಿಯಂ ಪರ್ಮಾಂಗನೇಟ್ ಬಳಸುವವರು ನೀರು ತಿಳಿ ಗುಲಾಬಿ ಬಣ್ಣಕ್ಕೆ ಬರುವಷ್ಟೇ ಹಾಕಿ. ನೇರಳೆ ಬಣ್ಣಕ್ಕೆ ಹೋದರೆ ಕೈಯೂ ಸುಡುತ್ತದೆ, ಕೆಚ್ಚಲೂ ಒಣಗುತ್ತದೆ. ಹಾಲು ಕರೆದ ಮೇಲೆ ಮೊಲೆತೊಟ್ಟು ಅದ್ದುವ ಅಯೋಡಿನ್ ದ್ರಾವಣದಲ್ಲಿ ಗ್ಲಿಸರಿನ್ ಸೇರಿಸಿರುತ್ತಾರೆ, ಗೊತ್ತೇ? ತೊಟ್ಟು ಒಡೆಯಬಾರದು ಎಂದು. ಹಸುವಿನ ಚರ್ಮಕ್ಕೆ ಇಷ್ಟು ಯೋಚನೆ ಮಾಡಿದ್ದಾರೆ, ಕರೆಯುವವಳ ಕೈಯ ಯೋಚನೆ ಅವಳೇ ಮಾಡಿಕೊಳ್ಳಬೇಕು.

ಮಾಡಬೇಕಾದದ್ದು ಇಷ್ಟೇ. ಕೈ ತೊಳೆಯಲು ಮೈ ಸೋಪು ಬೇರೆ ಇಡಿ, ಬಟ್ಟೆ ಸೋಪು ಬೇಡ. ಕ್ಯಾನು, ಪಾತ್ರೆ ಸೋಡಾದಲ್ಲಿ ತೊಳೆಯುವಾಗ ಗ್ಲೌಸ್ ಹಾಕಿ. ತೊಳೆದ ಕೈಯನ್ನು ಬಟ್ಟೆಯಲ್ಲಿ ಒರೆಸಿ, ತೇವ ಇನ್ನೂ ಇರುವಾಗಲೇ ಕೊಬ್ಬರಿ ಎಣ್ಣೆ ಸವರಿ. ಎಣ್ಣೆ ತೇವವನ್ನು ಹಿಡಿದಿಡುತ್ತದೆ, ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅಷ್ಟು ಗುಣವಿಲ್ಲ. ರಾತ್ರಿ ಮಲಗುವಾಗ ಸ್ವಲ್ಪ ಹೆಚ್ಚು ಹಚ್ಚಿ ಹಳೆಯ ಹತ್ತಿ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಮಲಗಿ. ಮನೆಯವರು ನಗಬಹುದು, ನಗಲಿ ಬಿಡಿ. ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೂ ಸರಿಯೇ. ಅದು ಗಿಡದಿಂದ ಬಂದದ್ದಲ್ಲ ಎಂದು ಹೆದರಬೇಕಿಲ್ಲ, ಒಡೆದ ಹಿಮ್ಮಡಿಗೆ ಅದರಷ್ಟು ಅಗ್ಗದ, ನಿರುಪದ್ರವಿ ವಸ್ತು ಕಡಿಮೆ. ಆದರೆ ಎಣ್ಣೆ, ಜೆಲ್ಲಿ ಏನಿದ್ದರೂ ಹಾಲು ಕರೆದಾದ ಮೇಲೆ. ಕರೆಯುವ ಮುಂಚೆ ಕೈ ಶುದ್ಧವಾಗಿ, ಒಣಗಿ ಇರಬೇಕು. ಪರಿಮಳದ ಕ್ರೀಮು ಹಚ್ಚಿದ ಕೈಯಲ್ಲಿ ಕರೆದರೆ ಹಾಲು ಆ ವಾಸನೆ ಹಿಡಿಯುತ್ತದೆ.

ಅಡುಗೆಮನೆಯದೆಲ್ಲ ಒಳ್ಳೆಯದೇ?

ಕಡಲೆಹಿಟ್ಟು, ಹೆಸರುಹಿಟ್ಟು ನಮ್ಮ ಅಜ್ಜಿಯರ ಸೋಪು. ನಯವಾಗಿ ಜರಡಿ ಹಿಡಿದು, ಮೊಸರಿನಲ್ಲೋ ನೀರಿನಲ್ಲೋ ಕಲಸಿ, ಒತ್ತಿ ಉಜ್ಜದೆ ಬಳಸಿದರೆ ಚೆನ್ನ. ಮೊಸರಿನ ಲ್ಯಾಕ್ಟಿಕ್ ಆಮ್ಲ ಮೆದುವಾಗಿ ಸತ್ತ ಚರ್ಮ ತೆಗೆಯುತ್ತದೆ. ಕಾಯಿಸಿದ ಹಾಲಿನ ಕೆನೆ ಒಣ ಚರ್ಮಕ್ಕೆ ಒಳ್ಳೆಯದು, ಮೊಡವೆ ಇರುವವರಿಗೆ ಬೇಡ. ತುಟಿ, ಹಿಮ್ಮಡಿಗೆ ತುಪ್ಪ. ಆಯುರ್ವೇದದವರು ತುಪ್ಪವನ್ನು ನೀರಿನಲ್ಲಿ ನೂರು ಸಲ ತೊಳೆದು ಬೆಣ್ಣೆಯಂತೆ ಬೆಳ್ಳಗೆ ಮಾಡಿ ಮುಲಾಮಾಗಿ ಬಳಸುತ್ತಾರೆ. ನಮ್ಮ ಮನೆಯಲ್ಲೇ ಇರುವ ಪದಾರ್ಥ, ಬಿಡುವಿದ್ದವರು ಮಾಡಿ ನೋಡಬಹುದು. ಹಸಿ ಹಾಲನ್ನು ಮಾತ್ರ ಗಾಯ, ಬಿರುಕು ಇರುವ ಚರ್ಮಕ್ಕೆ ಹಚ್ಚಬೇಡಿ.

ಇನ್ನು ಕೆಲವು ಮನೆಮದ್ದುಗಳನ್ನು ಬಿಡುವುದೇ ಲೇಸು. ನಿಂಬೆರಸ ಬಹಳ ಹುಳಿ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಬಂಗಿಗೆಂದು ನಿಂಬೆ ಹಚ್ಚಿ ಬಂಗು ಹೆಚ್ಚು ಮಾಡಿಕೊಂಡವರು ಕಡಿಮೆ ಇಲ್ಲ. ಅಡುಗೆ ಸೋಡಾ, ಟೂತ್‌ಪೇಸ್ಟ್ ಕೂಡ ಮುಖಕ್ಕಲ್ಲ. ಗಾಯಕ್ಕೆ ಸಗಣಿ ಮೆತ್ತುವ ರೂಢಿ ಕೆಲವು ಕಡೆ ಇನ್ನೂ ಇದೆ. ಸಗಣಿಯಲ್ಲಿ ಧನುರ್ವಾಯು ಕ್ರಿಮಿ ಇರುತ್ತದೆ, ಖಂಡಿತ ಬೇಡ. ಅರಿಶಿನ ಒಳ್ಳೆಯದೇ, ಆದರೆ ಬಿಡಿ ಪುಡಿಯಲ್ಲಿ ಬಣ್ಣ ಬೆರೆಸುವುದುಂಟು. ಕೊಂಬು ತಂದು ಒಣಗಿಸಿ ಗಿರಣಿಯಲ್ಲಿ ಬೀಸಿಸಿ. ಒಂದು ಲೋಟ ನೀರಿಗೆ ಚಿಟಿಕೆ ಪುಡಿ ಹಾಕಿ ಬಿಟ್ಟು ನೋಡಿ. ಶುದ್ಧ ಪುಡಿ ತಳಕ್ಕೆ ಇಳಿದು ನೀರು ತಿಳಿ ಹಳದಿಯಾಗುತ್ತದೆ, ಬಣ್ಣ ಬೆರೆತದ್ದಾದರೆ ನೀರೇ ಗಾಢ ಹಳದಿಯಾಗಿ ನಿಲ್ಲುತ್ತದೆ.

ಮನೆಯದಾಗಲಿ ಅಂಗಡಿಯದಾಗಲಿ, ಹೊಸದನ್ನು ಮೊದಲು ಮೊಣಕೈ ಒಳಭಾಗದಲ್ಲಿ ಕಾಸಿನಷ್ಟು ಜಾಗಕ್ಕೆ ಹಚ್ಚಿ ಎರಡು ದಿನ ನೋಡಿ. ನವೆ, ಕೆಂಪು ಕಾಣದಿದ್ದರೆ ಮುಖಕ್ಕೆ.

ಹಣೆ, ಕಣ್ಣು, ತಲೆ

ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡುವ ಕುಂಕುಮ ಈಗ ಅಪರೂಪ. ಕಣ್ಣು ಕುಕ್ಕುವ ಕೆಂಪು, ಕಿತ್ತಳೆ ಪುಡಿಗಳಲ್ಲಿ ಬಟ್ಟೆ ಬಣ್ಣವೂ ಇರಬಹುದು, ಸೀಸವೂ ಇರಬಹುದು. 2017ರಲ್ಲಿ ಅಮೆರಿಕದ ಸಂಶೋಧಕರು ಅಲ್ಲಿನ ಅಂಗಡಿಗಳಿಂದಲೂ ಭಾರತದಿಂದಲೂ ತಂದ 118 ಸಿಂಧೂರಗಳನ್ನು ಪರೀಕ್ಷಿಸಿದಾಗ ಐದರಲ್ಲಿ ನಾಲ್ಕರಷ್ಟರಲ್ಲಿ ಸೀಸದ ಅಂಶ ಕಂಡಿತ್ತು. ಬೈತಲೆಗೆ ಹಚ್ಚಿದ ಕೈಯಲ್ಲೇ ಮಗುವಿಗೆ ಊಟ ಮಾಡಿಸಬೇಡಿ.

ಸ್ಟಿಕ್ಕರ್ ಬಿಂದಿ ಇಡುವ ಜಾಗದಲ್ಲಿ ಬೆಳ್ಳನೆಯ ಮಚ್ಚೆ ಬಂದರೆ ತೊನ್ನು ಎಂದು ಅತ್ತೆ ಮನೆಯಲ್ಲಿ ಮಾತು ಶುರುವಾಗುತ್ತದೆ. ಹಲವು ಸಲ ಅದು ಬಿಂದಿಯ ಅಂಟಿನ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕದ ಕೆಲಸ. ಅದು ಬಣ್ಣದ ಕೋಶಗಳನ್ನು ಕೊಲ್ಲುತ್ತದೆ. ನವೆ ಕಂಡಾಗಲೇ ಸ್ಟಿಕ್ಕರ್ ಬಿಡಿ, ಬೇಗ ವೈದ್ಯರಿಗೆ ತೋರಿಸಿ. ಯಾರದೂ ತಪ್ಪಲ್ಲ, ಅಂಟುರೋಗವಂತೂ ಮೊದಲೇ ಅಲ್ಲ.

ಕಲ್ಲಿನ ಪುಡಿಯ ಸುರ್ಮಾದಲ್ಲಿ ಸೀಸವೇ ಮುಖ್ಯ ವಸ್ತುವಾಗಿರುವುದುಂಟು. ಕೂಸಿನ ಕಣ್ಣಿಗೆ ಯಾವ ಕಾಡಿಗೆಯೂ ಬೇಡ, ದೃಷ್ಟಿಬೊಟ್ಟು ಬೇಕೆಂದರೆ ಅಂಗಾಲಿಗೆ ಇಡಿ. ಕಪ್ಪು ಮೆಹಂದಿ, ತಲೆಗೂದಲಿನ ಕಪ್ಪು ಬಣ್ಣಗಳಲ್ಲಿ ಪಿಪಿಡಿ ಎಂಬ ವಸ್ತು ಇರುತ್ತದೆ. ಕೆಲವರಿಗೆ ಅದು ತಲೆ, ಮುಖ ಊದಿಸಿಬಿಡುತ್ತದೆ. ಮದರಂಗಿ ಎಲೆ ಎಂದೂ ಕಪ್ಪು ಬಣ್ಣ ಕೊಡುವುದಿಲ್ಲ, ಕೊಡುವುದು ಕೆಂಪು ಮಾತ್ರ.

ಎಲ್ಲ ತೊಂದರೆಯೂ ಡಬ್ಬಿಯಿಂದಲೇ ಬರುವುದಿಲ್ಲ ಎನ್ನುವುದನ್ನೂ ನೆನಪಿಡಿ. ಕಣ್ಣಿನ ರೆಪ್ಪೆ, ಕತ್ತಿನ ಮಡಿಕೆ, ಮೊಣಕೈ ಮಡಿಕೆಯಲ್ಲಿ ನವೆ, ದಪ್ಪ ಕಪ್ಪು ಚರ್ಮ ಬಂದರೆ ಬದುವಿನ ಮೇಲಿನ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಕಾರಣವಿರಬಹುದು. ಹೂ ಬಿಡುವ ಮೊದಲೇ ಗ್ಲೌಸ್ ಹಾಕಿ ಕಿತ್ತುಬಿಡಿ. ದನ ತಿಂದರೆ ಹಾಲು ಕಹಿಯಾಗುವುದೂ ಇದರಿಂದಲೇ.

ಇಷ್ಟಾದರೂ ಕ್ರೀಮು ಕೊಳ್ಳಲೇಬೇಕೆಂದರೆ, ತಯಾರಿಸಿದವರ ಹೆಸರು ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಎಲ್ಲಿಯವರೆಗೆ ಬಳಸಬಹುದೆಂಬ ದಿನಾಂಕ, ಏನೇನು ಹಾಕಿದ್ದಾರೆಂಬ ಪಟ್ಟಿ ಇವು ಡಬ್ಬಿಯ ಮೇಲೆ ಇರಲೇಬೇಕು. ಒಂದು ಇಲ್ಲದಿದ್ದರೂ ಬಿಟ್ಟು ಬನ್ನಿ. "ಹರ್ಬಲ್" ಎಂದು ಎಲೆಯ ಚಿತ್ರ ಹಾಕಿದ ಮಾತ್ರಕ್ಕೆ ಏನೂ ಖಾತ್ರಿಯಾಗುವುದಿಲ್ಲ.

ಈಗಾಗಲೇ ಸ್ಟೀರಾಯ್ಡ್ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚುತ್ತಿರುವವರು ನೀವೇ ಏನೇನೋ ಪ್ರಯೋಗ ಮಾಡದೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಚರ್ಮ ವೈದ್ಯರ ಹತ್ತಿರ ಹೋಗಿ. ಹೇಗೆ ನಿಲ್ಲಿಸಬೇಕೆಂದು ಅವರು ಹೇಳಿಕೊಡುತ್ತಾರೆ. ಹೆಸರಿಲ್ಲದ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು ಇಂದೇ ನಿಲ್ಲಿಸಿ, ಕಾಲು ಊತ, ಮೂತ್ರದಲ್ಲಿ ನೊರೆ ಇದ್ದರೆ ತಡಮಾಡದೆ ಮೂತ್ರ ಪರೀಕ್ಷೆ ಮಾಡಿಸಿ. ಡಬ್ಬಿಯನ್ನು ಸಿಟ್ಟಿನಲ್ಲಿ ತಿಪ್ಪೆಗೆ ಎಸೆಯಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಆಸ್ಪತ್ರೆಗೆ ಹೋಗುವಾಗ ಜೊತೆಗೆ ತೆಗೆದುಕೊಂಡು ಹೋಗಿ. ಅದನ್ನು ನೋಡಿದರೆ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆ.